ಕಳೆಯದ ಸೂತಕ

ಇಂದ್ರಮ್ಮ ಅಂಗಳ ಗುಡಿಸಿ, ಸಗಣಿ ನೀರು ಚಿಮುಕಿಸಿ, ರಂಗೋಲಿ ಪುಡಿ ಹಿಡಿದು ನಾಲ್ಕು ಚುಕ್ಕಿ ಇಟ್ಟಿದ್ದಳು ಅಷ್ಟೆ. ಐದನೆಯದಕ್ಕೆ ಕೈ ಚಾಚುವಾಗ ಎದುರುಮನೆಯ ಜಗಲಿಯಿಂದ ಚಿಕ್ಕಬೋರಮ್ಮನ ದನಿ ಬಂತು.

"ಏ ಇಂದ್ರಿ, ಏನಮ್ಮೀ ಮಾಡ್ತಿದ್ದೀಯಾ? ಸೂತಕದ ಮನೆ ಮುಂದೆ ರಂಗೋಲಿ ಬುಡ್ತಾರಾ?"

ಇಂದ್ರಮ್ಮ ಬಗ್ಗಿದಂತೆಯೇ ನಿಂತಳು. "ಹನ್ನೊಂದು ದಿನ ನೆನ್ನೆಗೆ ಮುಗೀತಲ್ಲಕ್ಕ."

"ದಿನ ಮುಗೀತು. ಸೂತಕ ಎಲ್ಲಿ ಕಳೀತು? ಹೆಣ ಮಣ್ಣಾಗ್ದೆ ಸೂತಕ ಕಳೆಯಾಕಿಲ್ಲ ಅಂತ ಊರ್ ಯಜಮಾನ್ರು ಯೋಳವ್ರೆ. ನನ್ ಮೇಲೆ ಕ್ವಾಪ ಮಾಡ್ಕಬ್ಯಾಡ ಕಣವ್ವ. ನಾನ್ ಯೋಳ್ದೆ ಇದ್ರೆ ಇನ್ನೊಬ್ರು ಯೋಳ್ತಾರೆ."

ಇಂದ್ರಮ್ಮ ಇಟ್ಟ ಚುಕ್ಕಿಗಳನ್ನು ಅಂಗೈಯಿಂದ ಒರೆಸಿದಳು. ಒರೆಸಿದ ಮೇಲೆ, ಒರೆಸಬಾರದಿತ್ತೇನೋ ಅನ್ನಿಸಿತು. ಇಟ್ಟದ್ದು ತಪ್ಪೋ ಒರೆಸಿದ್ದು ತಪ್ಪೋ ತಿಳಿಯದೆ ಒಳಗೆ ಹೋಗಿ ಒಲೆಯ ಮುಂದೆ ಕೂತಳು. ಗಂಡ ಹೋದಂದಿನಿಂದ ಅವಳಿಗೆ ಎಲ್ಲವೂ ಹೀಗೇ ಆಗಿತ್ತು. ಉಪ್ಪು ಹಾಕಿದ್ದೇನೋ ಇಲ್ಲವೋ ಎಂದು ಸಾರಿಗೆ ಎರಡು ಸಲ ಹಾಕುವಳು. ಇಲ್ಲದಿದ್ದರೆ ಹಾಕುವುದನ್ನೇ ಮರೆಯುವಳು.

ಕೆರಗೋಡಿನ ಕಡೆಯ ಹೊಂಗೆಕೊಪ್ಪಲು ಎಂಬ ಆ ಊರಿನಿಂದ ದಿನವೂ ವಿ.ಸಿ. ಫಾರಂ ಎಂಬ ಕೃಷಿ ಸಂಶೋಧನಾ ಕೇಂದ್ರಕ್ಕೆ ಕೆಲಸಕ್ಕೆ ಹೋಗುತ್ತಿದ್ದವರಲ್ಲಿ ಅವಳ ಗಂಡ ನಾಗರಾಜು ಒಬ್ಬ. ಬೀಜದ ಭತ್ತದ ತಾಕುಗಳಲ್ಲಿ ಅವನ ಕೆಲಸ. ಯಾವ ತೆನೆ ಯಾವ ತಳಿಯದು ಎಂದು ವಿಜ್ಞಾನಿಗಳು ಚೀಟಿ ಓದಿ ಹೇಳಿದರೆ, ಅವನು ತೆನೆಯನ್ನು ಮುಟ್ಟಿ ಹೇಳುತ್ತಿದ್ದ. ವಯಸ್ಸು ನಲವತ್ತೊಂದು. ಒಂದು ಮಧ್ಯಾಹ್ನ ಬದುವಿನ ಮೇಲೆ ನಡೆಯುತ್ತಿದ್ದವನು ಎದೆ ಹಿಡಿದು ಕೂತ. ಮಂಡ್ಯದ ಆಸ್ಪತ್ರೆಗೆ ಕರೆದೊಯ್ಯುವಷ್ಟರಲ್ಲಿ ಹೋಗಿಬಿಟ್ಟಿದ್ದ.

ಹೋದ ವರ್ಷ ಫಾರಂನಲ್ಲಿ ಆರೋಗ್ಯ ಶಿಬಿರ ನಡೆದಿತ್ತು. ಅಲ್ಲಿಗೆ ಬಂದ ರಂಜನಿ ಎಂಬ ಡಾಕ್ಟರು, ವೈದ್ಯರಾಗಲು ಓದುವ ಮಕ್ಕಳಿಗೆ ಮನುಷ್ಯನ ದೇಹವೇ ಪುಸ್ತಕ, ಅಂಥ ಪುಸ್ತಕ ಬೇಕಾದಷ್ಟು ಸಿಗುತ್ತಿಲ್ಲ ಎಂದು ಹೇಳಿದ್ದರಂತೆ. ಮುಂದಿನ ಭಾನುವಾರ ಊಟವಾದ ಮೇಲೆ ನಾಗರಾಜು ಒಂದು ಹಾಳೆ ತಂದು ಹೆಂಡತಿಯ ಮುಂದೆ ಇಟ್ಟ.

"ಇಲ್ಲೊಂದು ಸೈನ್ ಆಕು."

"ಏನಿದು, ಸೊಸೈಟಿದಾ?"

"ಅಲ್ಲ ಕಣೇ, ಕಾಲೇಜಿನ ಅಡ್ಮಿಷನ್ನು. ಎಸ್ಸೆಲ್ಸಿ ಮೂರು ಸಲ ಫೇಲಾದೋನು ನಾನು. ಬದುಕಿರೋವಾಗ ಯಾವ ಕಾಲೇಜ್‌ನೋರೂ ಸೇರುಸ್ಕಳ್ನಿಲ್ಲ. ಸತ್ ಮೇಲಾದ್ರೂ ಡಾಕ್ಟ್ರು ಕಾಲೇಜಿಗೆ ಓಯ್ತೀನಿ. ಅದೂ ಓದಾಕಲ್ಲ, ಪಾಠ ಮಾಡಾಕೆ!"

"ಥೂ, ಬಾಯ್ ತೊಳ್ಕಳಿ" ಎಂದು ನಗುತ್ತ ಬೈದು ಅವಳು ಸಹಿ ಹಾಕಿದ್ದಳು. ಅವನು ನಗುತ್ತಿದ್ದನೆಂದು ಹಾಕಿದೆನೋ, ಅವನ ಮಾತು ಸರಿಯೆಂದು ಹಾಕಿದೆನೋ? ಈಗ ಒಲೆಯ ಮುಂದೆ ಕೂತು ಎಷ್ಟು ಯೋಚಿಸಿದರೂ ಅದೊಂದು ಅವಳಿಗೆ ಬಗೆಹರಿಯುತ್ತಿರಲಿಲ್ಲ.

ಅವನು ತೀರಿಕೊಂಡ ದಿನ ಮಾತ್ರ ಆ ಹಾಳೆ ನೆನಪಾಗಿತ್ತು. ಸತ್ತ ಮೇಲೆ ದೇಹ ಕಾಲೇಜಿಗೆ ಎಂದು ಅವನು ಬರೆದುಕೊಟ್ಟ ಮಾತು, ತಾನು ಸಾಕ್ಷಿ. ಅವಳು ಕಾಲೇಜಿಗೆ ಫೋನು ಮಾಡಿಸಿದಳು. ದೇಹವನ್ನು ಊರಿಗೆ ತಂದು, ನಾಲ್ಕು ಗಂಟೆ ಅಂಗಳದಲ್ಲಿ ಮಲಗಿಸಿ, ಬಂಧುಬಳಗ ನೋಡಿದ ಮೇಲೆ ಕಾಲೇಜಿನ ಗಾಡಿ ಬಂದು ಒಯ್ದಿತು. ಅಷ್ಟರೊಳಗೆ ಊರಿನ ಹುಡುಗರು ಇವರ ಹೊಲದ ಮೂಲೆಯಲ್ಲಿ ಗುಂಡಿ ತೋಡಿಯಾಗಿತ್ತು. ತೋಡಿದ ಗುಂಡಿ ಖಾಲಿ ಉಳಿಯಿತು. ಊರಿಗೆ ಊರೇ ಆ ಗುಂಡಿಯನ್ನು ನೋಡಿ ಹೆದರಿತು.

ಮೂರನೆಯ ದಿನ ಸಮಾಧಿಗೆ ಹಾಲು ತುಪ್ಪ ಬಿಡುವುದು ಅವರ ಪದ್ಧತಿ. ನಾಗರಾಜುವಿನ ತಾಯಿ ಮಾಯಮ್ಮ ಬೆಳಿಗ್ಗೆಯೇ ಸ್ನಾನ ಮಾಡಿ, ಚಿಕ್ಕ ತಂಬಿಗೆಯಲ್ಲಿ ಹಾಲು, ಬಟ್ಟಲಲ್ಲಿ ತುಪ್ಪ ಹಿಡಿದು ಹೊರಟಿದ್ದಳು. ಹೊಲಕ್ಕೆ ಹೋಗಿ ಗುಂಡಿಯ ಅಂಚಿನಲ್ಲಿ ನಿಂತಳು. ಖಾಲಿ ಗುಂಡಿಗೆ ಹಾಲು ಹೇಗೆ ಹುಯ್ಯುವುದು? ಪಕ್ಕದ ಬೇವಿನ ಮರದ ಬುಡಕ್ಕೆ ಹೋದಳು. ಅಲ್ಲಿಯೂ ಕೈ ಬರಲಿಲ್ಲ. ಬಿಸಿಲೇರಿದ ಮೇಲೆ ತುಂಬಿದ ತಂಬಿಗೆಯನ್ನೇ ಹಿಡಿದು ಮನೆಗೆ ಬಂದಳು. ಹಾಲು ಒಡೆದಿತ್ತು.

"ಎಲ್ ಉಯ್ಯನವ್ವ ಇಂದ್ರ, ಜಾಗ ಸಿಕ್ನಿಲ್ಲ" ಅಂದಳು.

ಇಂದ್ರಮ್ಮ ಅತ್ತೆಯ ಕೈಯಿಂದ ತಂಬಿಗೆ ತೆಗೆದುಕೊಂಡು ತೊಳೆದಿಟ್ಟಳು. ಸಮಾಧಾನ ಹೇಳಲು ಬಾರದಾಗ ಹೆಂಗಸರು ಪಾತ್ರೆ ತೊಳೆಯುತ್ತಾರೆ.

ಓದುವ ತಾಯಂದಿರೇ, ಊರು ಅವರನ್ನು ಬೈಯಲಿಲ್ಲ, ಕಲ್ಲು ಹೊಡೆಯಲಿಲ್ಲ. ಬೈದಿದ್ದರೆ ತಿರುಗಿ ಬೈಯಬಹುದಿತ್ತು. "ಸೂತಕ ಕಳೀಲಿ" ಎಂಬ ಒಂದೇ ಮಾತನ್ನು ಎಲ್ಲರೂ ಮೆಲ್ಲಗೆ, ಮರುಕದಿಂದಲೇ ಹೇಳಿದರು. ಡೇರಿಯಲ್ಲಿ ಹಾಲು ಅಳೆಯುವವನು "ಸೂತಕ ಕಳೆದ್ ಮ್ಯಾಲೆ ತತ್ತಾರಕ್ಕ" ಅಂದ. ಶಾಲೆಯಲ್ಲಿ ಬಿಸಿಯೂಟಕ್ಕೆ ಕೂತಾಗ ಮೂರನೇ ಕ್ಲಾಸಿನ ಮಗಳು ಗಗನಳ ಎಡಕ್ಕೆ ಒಂದು ತಟ್ಟೆಯ ಜಾಗ, ಬಲಕ್ಕೆ ಒಂದು ತಟ್ಟೆಯ ಜಾಗ ಖಾಲಿ ಬಿದ್ದವು. ಮೇಷ್ಟರು ಗದರಿಸಿದರೆ ಮಕ್ಕಳು ಹತ್ತಿರ ಸರಿಯುವರು. ಮೇಷ್ಟರು ಆ ಕಡೆ ಹೋದರೆ ದೂರ ಸರಿಯುವರು. ಮೊದಲೆಲ್ಲ ಗಗನ ಮಾತಿಗೊಂದು ಪ್ರಶ್ನೆ ಕೇಳುವ ಹುಡುಗಿ. ಕಪ್ಪೆ ಯಾಕೆ ರಾತ್ರಿಯೇ ಕೂಗುತ್ತೆ, ಎಮ್ಮೆ ಯಾಕೆ ನಗಲ್ಲ ಎಂದು ಅಪ್ಪನ ಪ್ರಾಣ ತಿನ್ನುತ್ತಿದ್ದಳು. ಈಗ ಬಾಯಿ ತೆರೆದು, ಅವ್ವನ ಮುಖ ನೋಡಿ, ಹಾಗೇ ಮುಚ್ಚಿಕೊಳ್ಳುತ್ತಿದ್ದಳು.

ಗದ್ದೆಯ ಒಟ್ಲಿನಲ್ಲಿ, ಸಸಿಮಡಿಯಲ್ಲಿ, ನಾಗರಾಜು ತಾನೇ ಬಿತ್ತಿದ್ದ ಪೈರು ಕಿತ್ತು ನಾಟಿ ಮಾಡುವ ಹದಕ್ಕೆ ಬಂದು, ಆ ಹದವನ್ನೂ ದಾಟುತ್ತಿತ್ತು. ನಾಟಿಗೆ ಕರೆದರೆ ಆಳುಗಳು ಬರಲಿಲ್ಲ. ಸೂತಕದ ಮನೆಯ ನೀರು ಕುಡಿಯುವಂತಿಲ್ಲವಲ್ಲ!

ಹದಿನೈದನೆಯ ದಿನ ಮಾಯಮ್ಮ ಬೀದಿ ನಲ್ಲಿಯಿಂದ ನೀರು ತರುವಾಗ ಪಾಚಿಯ ಮೇಲೆ ಕಾಲು ಜಾರಿ ಬಿದ್ದಳು. ಬಿಂದಿಗೆ ಉರುಳಿತು. ಅಂಗಳದಿಂದ ಇಂದ್ರಮ್ಮ ಓಡುತ್ತಲೇ ನೋಡಿದಳು: ನಲ್ಲಿಯ ಹತ್ತಿರ ಆರು ಜನ ಹೆಂಗಸರು. ಎಲ್ಲರಿಗಿಂತ ಹತ್ತಿರ ಚಿಕ್ಕಬೋರಮ್ಮ. ಅವಳ ಕೈ ತಾನೇ ತಾನಾಗಿ ಮುಂದೆ ಬಂತು. ಮುದುಕಿಯ ತೋಳು ಇನ್ನೊಂದು ಗೇಣು ದೂರವಿದ್ದಾಗ ಆ ಕೈ ನಿಂತಿತು. ಮತ್ತೆ ಹಿಂದಕ್ಕೆ ಹೋಗಿ ಸೆರಗಿನೊಳಗೆ ಸೇರಿಕೊಂಡಿತು.

ಇಂದ್ರಮ್ಮ ಅತ್ತೆಯನ್ನು ಎತ್ತಿಕೊಂಡು ಬಂದು ಮಲಗಿಸಿದಳು. ಮುರಿದಿರಲಿಲ್ಲ, ಉಳುಕಿತ್ತು. ಅರಿಸಿನ ಸುಣ್ಣ ಕಲಸಿ ಹಚ್ಚುವಾಗ ಹಿತ್ತಲ ಬೇಲಿಯ ಆಚೆಯಿಂದ, ಬೀದಿಗೆ ಕಾಣದಂತೆ ನಿಂತು ಯಾರೋ ಬಿಕ್ಕುವ ಸದ್ದು ಬಂತು. ಚಿಕ್ಕಬೋರಮ್ಮ.

"ನನ್ ಕೈ ಸೇದೋಗ ಇಂದ್ರಿ. ನಿಮ್ಮತ್ತೆ ನನ್ ಬಾಣಂತನ ಮಾಡಿದ್ ಕೈ ಕಣೆ ಅದು. ಮುಟ್ಟಾನ ಅಂದ್ರೆ, ಮುಂದಿನ ತಿಂಗ್ಳು ನಮ್ ಮಗಿ ಮದ್ವೆ. ಊರು ಬರ್ದೆ ಓದ್ರೆ ಏನ್ ಮಾಡ್ಲಿ?"

"ಅಳ್ಬ್ಯಾಡ ಓಗಕ್ಕ" ಅಂದಳು ಇಂದ್ರಮ್ಮ. ಕೈ ಹಿಂದೆಗೆದವಳಿಗೆ ತಾನೇ ಸಮಾಧಾನ ಹೇಳುತ್ತಿದ್ದೇನಲ್ಲ ಎಂದು ಆಮೇಲೆ ಅವಳಿಗೇ ವಿಚಿತ್ರವೆನ್ನಿಸಿತು.

ಅದೇ ಸಂಜೆ ಕೆಂಪಯ್ಯ ಬಂದರು. ಊರಿನ ಯಜಮಾನರು, ನಾಗರಾಜುವಿಗೆ ದೊಡ್ಡಪ್ಪ. ಹೊಸಿಲು ದಾಟದೆ ಹೊರಗಿನ ಕಲ್ಲಿನ ಮೇಲೆ ಕೂತರು. ಕೆಟ್ಟ ಮನುಷ್ಯರಲ್ಲ. ತಂದೆಯಿಲ್ಲದ ನಾಗರಾಜುವನ್ನು ಹೆಗಲ ಮೇಲೆ ಹೊತ್ತು ಬೆಳೆಸಿದವರು.

"ಮಾಯವ್ವ ಹೆಂಗವ್ಳೆ?" ಎಂದು ಮೊದಲು ಕೇಳಿದರು.

"ಮಲ್ಗವ್ರೆ, ದೊಡ್ಡ ಮಾವ. ಮುಟ್ಟಿ ಎತ್ತೋರು ಇರ್ನಿಲ್ಲ."

ಕೆಂಪಯ್ಯ ಆ ಮಾತನ್ನು ಕೇಳಿಸಿಕೊಂಡರು. "ನೋಡವ್ವ, ನನ್ಗೂ ಒಟ್ಟೆ ಉರೀತದೆ. ಆದ್ರೆ ನಾಗ್ರಾಜ ಮಣ್ಣು ಸೇರ್ನಿಲ್ಲ. ಅವನ ಜೀವ ಎಲ್ ಅಲೀತದೋ? ಆ ಗುಂಡಿ ಬಾಯ್ ಕಳ್ಕಂಡು ಕೂತದೆ, ಇನ್ನೊಂದು ಹೆಣ ಬೇಡ್ತದೆ. ಊರ್ಗೆ ಕೇಡು."

"ಅವ್ರೇ ಬರ್ದುಕೊಟ್ಟಿದ್ರಲ್ಲ ಮಾವ."

"ಅವ್ನ್ಯಾವನು ಬರ್ಕೊಡಾಕೆ? ಕುಲಕ್ಕೆ ಕೇಳುದ್ನಾ? ನನ್ನ ಕೇಳುದ್ನಾ?"

"ಕೇಳಿದ್ರೆ ಬುಡ್ತಿದ್ರಾ?"

"ಬುಡ್ತಿರ್ನಿಲ್ಲ!"

"ಅದ್ಕೇ ಕೇಳ್ನಿಲ್ವೇನೋ" ಅಂದುಬಿಟ್ಟಳು ಇಂದ್ರಮ್ಮ. ಹಿರಿಯರಿಗೆ ಎದುರು ಮಾತಾಡಿದೆನಲ್ಲ ಎಂದು ಕೂಡಲೇ ನಾಲಿಗೆ ಕಚ್ಚಿಕೊಂಡಳು. "ಹಿಂಗೆ ಊರಿಂದ ದೂರ ಮಡಗಾದು ಕಾನೂನಿಗೆ ತಪ್ಪು ಅಂತ ಮೇಷ್ಟ್ರು ಯೋಳ್ತಿದ್ರು, ಮಾವ."

ಕೆಂಪಯ್ಯ ನಕ್ಕರು. "ದೂರ ಯಾರ್ ಮಡಗವ್ರೆ? ಬಹಿಷ್ಕಾರ ಅಂತ ಯಾವನಾರ ಅಂದವ್ನಾ? ಸೂತಕ ಅಂದೋ, ಅಷ್ಟೇಯ. ಸೂತಕಕ್ಕೂ ಪೋಲೀಸ್ನೋರು ಬತ್ತಾರಾ?"

ಆಮೇಲೆ ದನಿ ಇಳಿಸಿದರು. "ಎರಡು ದಾರಿ ಅದೆ. ಮಂಡ್ಯಕ್ಕೋಗಿ ಹೆಣ ವಾಪಸ್ ತತ್ತಾ, ನಾವೇ ನಿಂತು ಮಣ್ಣು ಮಾಡ್ತೀವಿ. ಕೊಡಾಕಿಲ್ಲ ಅಂದ್ರೆ ಉಲ್ಲಿನ ಗೊಂಬೆ ಮಾಡಿ, ಅವನ ಅಂಗಿ ತೊಡ್ಸಿ, ಗುಂಡೀಲಿ ಮಣ್ಣು ಮಾಡಾನ. ನೀನು ಮಾರಮ್ಮನ ಗುಡಿ ಮುಂದೆ ಊರಿಗೆ ಬಗ್ಗಿ ತಪ್ಪಾಯ್ತು ಅನ್ನು. ಒಂದ್ ಮಾತು. ಸೋಮ್ವಾರದೊಳ್ಗೆ. ನಾಳೆ ನಿಮ್ಮತ್ತೆ ಕಣ್ ಮುಚ್ಚುದ್ರೆ ಹೊರಾಕೆ ಜನ ಬ್ಯಾಡ್ವಾ? ಈ ಕೂಸಿನ ಮದ್ವೆಗೆ ಚಪ್ರ ಆಕೋರು ಬ್ಯಾಡ್ವಾ? ಊರು ಬುಟ್ಟು ಬದುಕ್ತೀಯಾ?"

ಇಂದ್ರಮ್ಮ ಮಳವಳ್ಳಿಯ ತವರಿಗೆ ಫೋನು ಮಾಡಿದಳು. ಅಣ್ಣ "ಒಂದು ಮಾತು ತಾನೇ, ಅಂದ್ಬುಡು. ಬಾಯಿಗೇನು ಬಾಡಿಗೆಯಾ?" ಅಂದ. ಅವನು ಹೇಳಿದ್ದು ಸರಿಯೆನ್ನಿಸಿತು. ಫೋನು ಇಟ್ಟ ಮೇಲೆ ಸರಿಯೆನ್ನಿಸಲಿಲ್ಲ. ಮರುದಿನ ಬೆಳಿಗ್ಗೆ ಅತ್ತೆಗೆ ಗಂಜಿ ಮಾಡಿಟ್ಟು, ಗಗನಳ ಕೈ ಹಿಡಿದು ಮಂಡ್ಯದ ಬಸ್ಸು ಹತ್ತಿದಳು. ಹೆಣ ಕೇಳಲು ಹೋಗುತ್ತಿದ್ದಾಳೋ, ಬೇಡವೆನ್ನಿಸಿಕೊಂಡು ಬರಲು ಹೋಗುತ್ತಿದ್ದಾಳೋ, ಬಸ್ಸು ಇಳಿದಾಗಲೂ ಅವಳಿಗೆ ಗೊತ್ತಿರಲಿಲ್ಲ.

ಕಾಲೇಜಿನಲ್ಲಿ ರಂಜನಿ ಡಾಕ್ಟರು ಇಬ್ಬರನ್ನೂ ಕೂರಿಸಿ ನೀರು ಕೊಟ್ಟರು. ಯಾರೋ ಕೊಟ್ಟ ನೀರು ಕುಡಿದು ಎಷ್ಟೋ ದಿನವಾಗಿದ್ದ ಇಂದ್ರಮ್ಮ ಲೋಟವನ್ನು ಪೂರ್ತಿ ಖಾಲಿ ಮಾಡಿದಳು. ಹೇಳಬೇಕಾದ್ದನ್ನೆಲ್ಲ ಹಿಂದು ಮುಂದಾಗಿ ಹೇಳಿದಳು. ಕೊನೆಗೆ, "ಮೇಡಂ, ಅವ್ರಿಗೆ ನೋವಾಗಾಕಿಲ್ವಾ?" ಎಂದು ಕೇಳಿದಳು.

ಡಾಕ್ಟರು ನಗಲಿಲ್ಲ. "ಇಲ್ಲಮ್ಮ. ಪಾಠ ಶುರು ಮಾಡೋ ಮೊದಲ ದಿನ ನಮ್ಮ ಮಕ್ಕಳು ಅವರ ಮುಂದೆ ನಿಂತು ಕೈ ಮುಗೀತಾರೆ. ಇವರೇ ನಮ್ಮ ಮೊದಲ ಗುರು ಅಂತಾರೆ."

"ವಾಪಸ್ ಕೊಡಾಕಾಯ್ತದಾ?"

"ಒಪ್ಪಿಸಿಕೊಂಡ ಮೇಲೆ ಕೊಡೋ ಪದ್ಧತಿ ಇಲ್ಲ. ಆದರೆ ಪಾಠ ಇನ್ನೂ ಶುರುವಾಗಿಲ್ಲ. ನೀವು ಬೇಕೇ ಬೇಕು ಅಂತ ಬರೆದುಕೊಟ್ಟರೆ ಮೇಲಿನವರ ಹತ್ತಿರ ಮಾತಾಡ್ತೀನಿ. ನಿಮ್ಮನ್ನ ಬಲವಂತ ಮಾಡಲ್ಲ." ಒಂದು ಬಿಳಿ ಹಾಳೆ, ಪೆನ್ನು ಮುಂದಿಟ್ಟರು. "ಒಂದು ಮಾತು ಹೇಳ್ಲಾ? ಊರು ನಿಮಗೆ ಬೇಕು, ಊರಿಲ್ಲದೆ ಬದುಕೋದು ಕಷ್ಟ. ನಿಮ್ಮ ಯಜಮಾನರು ಊರಿನ ಬಾವಿಗೆ ಏನಾದ್ರೂ ಹಾಕಿದ್ರಾ? ಯಾರದ್ದಾದ್ರೂ ಬದು ಒತ್ತಿದ್ರಾ? ಹಾಗೆ ಮಾಡಿದ್ರೆ ಊರು ಕೇಳಲಿ. ಅವರು ಕೊಟ್ಟಿದ್ದು ತಮ್ಮ ಮೈ. ಅವರ ಮೈ ಅವರದು, ಅವರೇ ಕೊಟ್ಟರು. ಅದರಲ್ಲಿ ಊರಿಗೆ ಆದ ನಷ್ಟ ಏನು?"

"ಊರ್ನೋರಿಗೆ ಭಯ ಆಯ್ತದೆ ಮೇಡಂ."

"ಭಯಕ್ಕೆ ಸಮಾಧಾನ ಹೇಳಬೇಕು. ಭಯಕ್ಕೆ ಇನ್ನೊಬ್ಬರ ಬದುಕನ್ನ ಕೊಡೋಕಾಗುತ್ತಾ?"

ಇಂದ್ರಮ್ಮ ಪೆನ್ನು ಹಿಡಿದಳು. ಅತ್ತೆಯ ಒಡೆದ ಹಾಲು ಕಣ್ಣಿಗೆ ಬಂತು. ಕಾಲೇಜಿಗೆ ಹೋಗುತ್ತೇನೆಂದು ನಕ್ಕ ಗಂಡನ ಮುಖವೂ ಬಂತು. 'ಇವರಿಗೆ' ಎಂದು ಬರೆದಳು. ಮುಂದೆ ಏನು ಬರೆಯಬೇಕೋ ಹೊಳೆಯಲಿಲ್ಲ. ಹಾಳೆಯನ್ನು ಮಡಿಸಿ ಮೇಜಿನ ಮೇಲೆಯೇ ಬಿಟ್ಟು ಎದ್ದಳು. ಗಗನ ಮಾತ್ರ ಡಾಕ್ಟರ ಮುಖವನ್ನೇ ನೋಡುತ್ತ, ಬಾಗಿಲ ತನಕ ಹಿಂದೆ ತಿರುಗಿ ತಿರುಗಿ ನಡೆದಳು.

ಮನೆಗೆ ಬಂದಾಗ ಮಾಯಮ್ಮ ಗೋಡೆಗೊರಗಿ ಕೂತಿದ್ದಳು. ತೊಡೆಯ ಮೇಲೆ ಮಗನ ನೀಲಿ ಅಂಗಿ.

"ಕೊಡ್ತಾರಂತಾ?"

"ಕೇಳಾಕೆ ನನ್ ಕೈಲಾಗ್ನಿಲ್ಲ ಅತ್ತೆ. ನನ್ನ ಬೈಯಿ."

ಮುದುಕಿ ಬೈಯಲಿಲ್ಲ. "ಕೆಂಪಯ್ಯ ಭಾವ ಅಂಗಿ ಕೇಳಿ ಕಳ್ಸವ್ರೆ. ಗೊಂಬೆಯಾದ್ರೂ ಮಣ್ಣಾಗ್ಲಿ ಅನ್ನುಸ್ತದೆ ಒಂದ್ ಸಲ. ಒಂದ್ ಸಲ ನನ್ ಮಗ ಯಾವತ್ತೂ ಸುಳ್ಳು ಯೋಳ್ದೋನಲ್ಲ, ಸುಳ್ಳು ಗೊಂಬೆ ಯಾಕೆ ಅನ್ನುಸ್ತದೆ. ನಿಂಗೆ ಏನ್ ಅನ್ನುಸ್ತದವ್ವ?"

"ನಂಗೇನೂ ತೋಚಾಕಿಲ್ಲ ಅತ್ತೆ."

ಭಾನುವಾರ ಇಂದ್ರಮ್ಮ ಗದ್ದೆಗೆ ಹೋಗಿ ನೋಡಿದಾಗ ಒಟ್ಲಿನ ಪೈರು ಹಳದಿಗೆ ತಿರುಗಿತ್ತು. ಬಗ್ಗಿ ಒಂದು ಹಿಡಿ ಕಿತ್ತಳು. ಬೇರು ಒಂದಕ್ಕೊಂದು ಹೆಣೆದುಕೊಂಡು ಬಿಡಿಸಲು ಬರುತ್ತಿರಲಿಲ್ಲ. ಆಗ ನಿರ್ಧಾರ ಮಾಡಿದಳು. ಮಗಳ ಪಕ್ಕ ಮಕ್ಕಳು ಕೂರಬೇಕು, ಅತ್ತೆ ಬಿದ್ದರೆ ಎತ್ತಬೇಕು, ಗದ್ದೆ ನಾಟಿಯಾಗಬೇಕು. ತಪ್ಪಾಯ್ತು ಅಂದುಬಿಡುತ್ತೇನೆ. ಒಂದು ಮಾತು.

ಸೋಮವಾರ ಬೆಳಿಗ್ಗೆ ಮಾರಮ್ಮನ ಗುಡಿಯ ಮುಂದೆ ಊರು ಸೇರಿತ್ತು. ಹುಲ್ಲಿನ ಗೊಂಬೆಯನ್ನು ಚಾಪೆಯ ಮೇಲೆ ಮಲಗಿಸಿದ್ದರು. ಅದರ ಮೈಮೇಲೆ ನಾಗರಾಜುವಿನ ನೀಲಿ ಅಂಗಿ, ಅದರ ಗುಂಡಿಗಳನ್ನು ಕುತ್ತಿಗೆಯ ತನಕ ಹಾಕಿದ್ದರು. ಬದುಕಿದ್ದಾಗ ಅವನು ಮೇಲಿನ ಗುಂಡಿ ಯಾವತ್ತೂ ಹಾಕಿದವನಲ್ಲ. ಮಾಯಮ್ಮ ಕುಂಟುತ್ತ ಬಂದು ಗೊಂಬೆಯ ಎದೆಯ ಮೇಲೆ ಕೈಯಿಟ್ಟಳು. ಅಂಗಿ ಒಳಕ್ಕೆ ಕುಸಿದು ಹುಲ್ಲು ಚರಚರ ಎಂದಿತು.

"ಉಲ್ಲು ಕಣವ್ವ ಇದು" ಅಂದಳು ಮಾಯಮ್ಮ, ಯಾರಿಗೆಂದಿಲ್ಲದೆ.

"ಅಳ್ಬ್ಯಾಡ ಮಾಯವ್ವ, ಇವತ್ತಿಗೆ ಎಲ್ಲಾ ಸರಿಯಾಯ್ತದೆ" ಅಂದರು ಕೆಂಪಯ್ಯ. ಅವರ ಕಣ್ಣಲ್ಲೂ ನೀರಿತ್ತು. "ಬಾ ಇಂದ್ರ. ಊರಿಗೆ ಬಗ್ಗಿ ಅನ್ನು."

ಇಂದ್ರಮ್ಮ ಮುಂದೆ ಬಂದಳು. ಗಗನ ಅವಳ ಸೆರಗಿನ ತುದಿ ಹಿಡಿದಿದ್ದಳು. ಇಂದ್ರಮ್ಮ ಬಗ್ಗಿದಳು. ಬಾಯಿ ತೆರೆದಳು. 'ತಪ್ಪು' ಎಂಬಷ್ಟು ಬಂತು. ಮುಂದಿನದು ಬರಲಿಲ್ಲ. ಇನ್ನೊಂದು ಸಲ ಪ್ರಯತ್ನಿಸಿದಳು. ಗುಂಪಿನಲ್ಲಿ ಯಾರೋ ಕೆಮ್ಮಿದರು. ಚಿಕ್ಕಬೋರಮ್ಮ ಕೈ ಮುಗಿದು ನಿಂತು, ಅಂದುಬಿಡೇ ಎಂದು ಕಣ್ಣಲ್ಲೇ ಬೇಡುತ್ತಿದ್ದಳು.

ಇಂದ್ರಮ್ಮ ನೆಟ್ಟಗಾದಳು.

"ದೊಡ್ಡ ಮಾವ, ಅನ್ನಾಕೇ ಬಂದೆ. ದೇವ್ರಾಣೆ ಅನ್ನಾಕೇ ಬಂದೆ. ಆದ್ರೆ ಏನ್ ತಪ್ಪು ಅಂತ ನಂಗೆ ಗೊತ್ತಾಯ್ತಾ ಇಲ್ಲ. ಹದಿನೆಂಟು ದಿನದಿಂದ ಯೋಚ್ನೆ ಮಾಡ್ತಿವ್ನಿ. ಗೊತ್ತಾದ್ರೆ ಈಗ್ಲೇಯ ಕಾಲಿಗೆ ಬೀಳ್ತೀನಿ. ಗೊತ್ತಾಗ್ದೆ ಅಂದ್ರೆ, ಅವ್ರು ಬರ್ದಿದ್ದ ನಾನೇ ಅಳಿಸ್ದಂಗಾಯ್ತದೆ. ಆಗಾಕಿಲ್ಲ ಮಾವ. ನಾನ್ ಅನ್ನಾಕಿಲ್ಲ."

ಗುಂಪಿನಲ್ಲಿ ಗುಜುಗುಜು ಎದ್ದಿತು. "ನೋಡ್ಲಾ, ಎಷ್ಟು ಧಿಮಾಕು!" ಎಂದು ಹಿಂದಿನಿಂದ ಒಬ್ಬ ಕೂಗಿದ. "ಮಂಡ್ಯದ ಡಾಕ್ಟ್ರಮ್ಮ ಕಿವಿ ಊದ್ಬುಟ್ಟವ್ಳೆ" ಎಂದ ಇನ್ನೊಬ್ಬ. ಧಿಮಾಕಲ್ಲ ಅದು, ತನಗೇ ತಿಳಿಯದ್ದನ್ನು ತಿಳಿದಿದೆ ಎಂದು ಹೇಳಲಾಗದ ಕಷ್ಟ ಎಂದು ಅವರಿಗೆ ಹೇಗೆ ಬಿಡಿಸಿ ಹೇಳುವುದೋ ಇಂದ್ರಮ್ಮನಿಗೆ ತಿಳಿಯಲಿಲ್ಲ.

ಕೆಂಪಯ್ಯ ಕೈಯೆತ್ತಿ ಎಲ್ಲರನ್ನೂ ಸುಮ್ಮನಾಗಿಸಿದರು. ಮುಖ ಕೆಂಪಾಗಿತ್ತು.

"ಏನ್ ತಪ್ಪಾ? ಅವನ ಮೈ ಅವನೊಬ್ಬಂದೇ ಅನ್ಕಂಡಿದ್ದೀಯಾ? ಅವರಪ್ಪ ಕೊಟ್ಟಿದ್ದು, ಕುಲ ಸಾಕಿದ್ದು. ಊರಿನ ಅನ್ನ ತಿಂದ್ ಬೆಳೆದ್ ಮೈ ಊರ್ದು! ಊರಿನ ಮಣ್ಣಿಗೇ ಸೇರ್ಬೇಕು!"

ಗಗನ ಅವ್ವನ ಸೆರಗು ಬಿಟ್ಟಳು. ಎರಡು ಹೆಜ್ಜೆ ಮುಂದೆ ಬಂದು, ಹುಲ್ಲಿನ ಗೊಂಬೆಯನ್ನೊಮ್ಮೆ, ಕೆಂಪಯ್ಯನವರನ್ನೊಮ್ಮೆ ನೋಡಿದಳು. ಎಷ್ಟೋ ದಿನದಿಂದ ತೆರೆದು ತೆರೆದು ಮುಚ್ಚಿಕೊಂಡಿದ್ದ ಬಾಯಿ ಅದು. ದನಿ ಸಣ್ಣಗಿತ್ತು, ಆದರೆ ಗುಡಿಯ ಮುಂದಿನ ಕೊನೆಯ ಸಾಲಿಗೂ ಕೇಳಿಸಿತು.

"ಅಪ್ಪನ ಮೈ ಊರ್ದು ಅಂದ್ರೆ, ನನ್ ಮೈ ಯಾರ್ದು ತಾತ?"